ಹಿಂದಿನ ಮನೆ ಅಕ್ಕ ಹೊಲಿದ ಲಂಗೋಟಿ

ಒದ್ದೆ ಕಂಬಳಿಗೊಂದು ವಾಸನೆ ಇರುತ್ತದೆ. ಎಷ್ಟು ಒಗೆದರೂ ಹೋಗದು. ಹೋದ ವಾರ ಹೊಳಲ್ಕೆರೆಯಲ್ಲಿ ಮೂರು ದಿನ ಬಿಡದೆ ಮಳೆ ಹಿಡಿದು, ಸೂರು ಸೋರಿ, ಹೊಲಿಗೆ ಕೋಣೆಯ ಟ್ರಂಕಿನೊಳಗೆ ನೀರು ಇಳಿದಿತ್ತು. ಗೊಣಗುತ್ತಾ ಟ್ರಂಕು ತೆಗೆದೆ. ಆ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಒಂದೇ ಒಂದು ಲಂಗೋಟಿ, ನನ್ನ ಮಗನದ್ದು. ಅವನೀಗ ಶಾಲೆಗೆ ಹೋಗುತ್ತಾನೆ, ಲಂಗೋಟಿ ಅಂದರೆ ನಗುತ್ತಾನೆ.

ಹೊರಗೆ ಕಂಬಳಿ, ಒಳಗೆ ಹಳೇ ಸೀರೆಯ ನಾಲ್ಕು ಮಡಿಕೆ, ಪಕ್ಕದಲ್ಲಿ ಕಟ್ಟೋದಕ್ಕೆ ಎರಡು ಕಸೆ. ಕೂಸಿನ ಮೈಗೆ ತಾಗದ ಹಾಗೆ ಹೊಲಿಗೆಯೆಲ್ಲ ಹೊರಮೈಗೆ ತಿರುಗಿತ್ತು. ಇದನ್ನು ಕಂಡುಹಿಡಿದವಳು, ಹೊಲಿದವಳು ನಾನೇ ಅಂತ ಸುತ್ತಲ ಮೂರು ತಾಲೂಕಿನವರು ತಿಳಿದಿದ್ದಾರೆ. ಹಾಗಂತ ತಿಳಿಸಿದವಳೂ ನಾನೇ. ಹೊಲಿದದ್ದು ಹಿಂದಿನ ಮನೆ ಅಕ್ಕ.

ನಾನು ಮದುವೆಯಾಗಿ ಈ ಓಣಿಗೆ ಬಂದಾಗಲೇ ಅಕ್ಕನಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಮ್ಮ ಹಿತ್ತಲಿಗೆ ಬೆನ್ನು ಕೊಟ್ಟ ಒಂಟಿ ಕೋಣೆಯಲ್ಲಿ ಇದ್ದಳು. ರಾಮಗಿರಿ ಕಡೆ ಅವಳ ತಮ್ಮ ಕುರಿ ಸಾಕಿದ್ದ, ಆಗೀಗ ಬಂದು ಕಾಳು, ಹಳೇ ಕಂಬಳಿ ಕೊಟ್ಟು ಹೋಗುತ್ತಿದ್ದ. ಅಕ್ಕ ಮೂರು ಹೆತ್ತಿದ್ದಳಂತೆ. ಮೂರೂ ತೊಟ್ಟಿಲಿಗೆ ಹಾಕುವ ಮೊದಲೇ ಹೋದವು. ಇದನ್ನು ಹೇಳಿದ್ದು ಅವಳಲ್ಲ, ನಮ್ಮತ್ತೆ. ಹೊಸ ಸೊಸೆಗೆ ಬಚ್ಚಲು ಎಲ್ಲಿದೆ, ಉಪ್ಪಿನ ಜಾಡಿ ಎಲ್ಲಿದೆ ಅಂತ ತೋರಿಸುತ್ತಾ ಅದೇ ಉಸಿರಿನಲ್ಲಿ ಹೇಳಿದ್ದರು.

"ಒಳ್ಳೇಳೇ. ಆದ್ರೆ ಕೂಸು ಬಾಣಂತಿ ಹತ್ರ ಬಿಟ್ಕಬ್ಯಾಡ. ಅವಳ ಕೈಗುಣ ಸರಿ ಇಲ್ಲ."

ಓಣಿಯಲ್ಲಿ ಯಾರದ್ದಾದರೂ ಮನೆಯಲ್ಲಿ ಕೂಸಿಗೆ ಹೆಸರಿಡುವ ದಿನ ಅಕ್ಕ ಬೆಳಿಗ್ಗೆಯೇ ಬಾಗಿಲಿಗೆ ಬೀಗ ಹಾಕಿ ಎಲ್ಲಿಗೋ ಹೋಗಿಬಿಡುತ್ತಿದ್ದಳು. ಬರಬೇಡ ಅಂತ ಯಾರೂ ಅಂದಿರಲಿಲ್ಲ. ಅನ್ನಿಸಿಕೊಳ್ಳುವ ತನಕ ಅವಳು ಕಾಯುತ್ತಲೂ ಇರಲಿಲ್ಲ.

ಕೊರೋನಾ ಬಂದು ಶಾಲೆ ಮುಚ್ಚಿದ ವರ್ಷ ನನ್ನ ಮಗ ಹುಟ್ಟಿದ. ನನ್ನ ಗಂಡ ಯೂನಿಫಾರಂ ಹೊಲಿಯುವ ಟೈಲರ್. ಶಾಲೆಯೇ ಇಲ್ಲ ಅಂದಮೇಲೆ ಯೂನಿಫಾರಂ ಯಾರಿಗೆ? ಎರಡೂ ಮಿಷನ್ನಿಗೆ ಬಟ್ಟೆ ಹೊದೆಸಿ ಬಾಗಿಲಲ್ಲಿ ಕೂತು ಖಾಲಿ ಬೀದಿ ನೋಡುತ್ತಿದ್ದರು. ಇತ್ತ ಪ್ಲಾಸ್ಟಿಕ್ ಡೈಪರ್ ಹಾಕಿ ಹಾಕಿ ಕೂಸಿನ ತೊಡೆಸಂದಿ ಬೆಂದು ಹೋಗಿತ್ತು. ಬರೀ ಬಟ್ಟೆ ಕಟ್ಟಿದರೆ ಎರಡು ನಿಮಿಷಕ್ಕೆ ಹಾಸಿಗೆಯೆಲ್ಲ ಒದ್ದೆ. ಅದೂ ಅಳೋದು, ನಾನೂ ಅಳೋದು.

ಒಂದು ಮಧ್ಯಾಹ್ನ ಹಿತ್ತಲ ಗೋಡೆಯ ಮೇಲಿಂದ ಒಂದು ಕೈ ಬಂತು. ಕೈಯಲ್ಲಿ ಮಡಿಚಿದ ಲಂಗೋಟಿ.

"ಇದನ್ನ ಕಟ್ಟಿ ನೋಡವ್ವ. ಅಂಟುವಾಳದಾಗೆ ತೊಳ್ದೀನಿ, ಬಿಸ್ಲಿಗೆ ಹಾಕೀನಿ. ನಾನು ಕಟ್ಟಾಕೆ ಬರಲ್ಲ, ನೀನೇ ಕಟ್ಟು."

ಅತ್ತೆ ಮಲಗಿದ್ದರು. ಕಟ್ಟಿದೆ. ಕೂಸು ಅಳು ನಿಲ್ಲಿಸಿ ಸಂಜೆ ತನಕ ನಿದ್ದೆ ಮಾಡಿತು. ವಾರದೊಳಗೆ ಗಾಯ ಮಾಯವಾಯಿತು. ಸವೆದ ಕಂಬಳಿಯನ್ನು ಬಿಸಿನೀರಲ್ಲಿ ಹಾಕಿ ತುಳಿದು ತುಳಿದು ದಪ್ಪ ಮಾಡಿದರೆ ಒಳಗಿನ ಒದ್ದೆ ಬೇಗ ಹೊರಗೆ ಬರುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ಕುರಿ ಕಾಯೋರಿಗೆ ಇದು ಗೊತ್ತಿದ್ದದ್ದೇ, ಮಳೆಯಲ್ಲಿ ಅವರಿಗೆ ಕಂಬಳಿಯೇ ಕೊಡೆ. ಅದನ್ನು ಕೂಸಿನ ಕುಂಡೆಗೆ ತಂದವಳು ಅಕ್ಕ. ಇದನ್ನೆಲ್ಲಿ ಕಲಿತೆ ಅಂತ ಕೇಳಿದ್ದೆ.

"ಮೂರನೇದು ಹೊಟ್ಟೇಲಿದ್ದಾಗ ಕುಂತು ಕುಂತು ಮಾಡಿದ್ದೆ. ಕಟ್ಟಾಕೆ ಅದು ಉಳೀಲಿಲ್ಲ ನೋಡು," ಅಂದಳು. ಅಂದು ಬಟ್ಟೆ ಒಣಹಾಕಲು ಹೋದಳು...

ಮಗನ ಫೋಟೋ ನೋಡಿ ಹಿರಿಯೂರಿನ ನಾದಿನಿ ತನಗೂ ಬೇಕೆಂದಳು. ಅವಳಿಂದ ಮಾರಿಕಣಿವೆಯ ನೀರಾವರಿ ಕ್ವಾರ್ಟರ್ಸಿನ ನಾಲ್ಕು ಮನೆಗೆ ಹೋಯಿತು. ಆಮೇಲೆ ಹೊಸದುರ್ಗ, ಚಿತ್ರದುರ್ಗ. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತಾಗಿಸುವುದಿಲ್ಲ. ಮೊದಲ ಬಟ್ಟೆ ಹಳೆಯದೇ ಆಗಬೇಕು, ಅದೂ ಮಕ್ಕಳು ಮೊಮ್ಮಕ್ಕಳನ್ನು ಕಂಡ ಅಜ್ಜಿಯ ಸೀರೆಯಾದರೆ ಒಳ್ಳೆಯದು. ಹಾಗಾಗಿ ಜನ ತಮ್ಮ ಅಜ್ಜಿಯ ಸೀರೆಯನ್ನೇ ಮಡಿಚಿ ತಂದು ಕೊಡುತ್ತಿದ್ದರು. ಕಂಬಳಿ ಹದ ಮಾಡೋದು, ಕತ್ತರಿಸೋದು ನನ್ನ ಗಂಡ. ಫೋನು, ಫೋಟೋ, ಮಾತುಕತೆ ನಾನು. ಹೊಲಿಗೆ ಅಕ್ಕನದು. ಯೂನಿಫಾರಂ ಅಭ್ಯಾಸದ ಇವರು ಹೊಲಿದರೂ, ನಾನು ಹೊಲಿದರೂ ಹೊಲಿಗೆ ಒಳಕ್ಕೇ ತಿರುಗಿಕೊಳ್ಳುತ್ತಿತ್ತು, ಏನು ಮಾಡಿದರೂ ಅಷ್ಟೇ.

ಅತ್ತೆ ಒಂದೇ ಮಾತು ಹೇಳಿದರು. "ಹೊಲೀಲಿ, ಬ್ಯಾಡ ಅನ್ನಲ್ಲ. ಅವಳ ಸುದ್ದಿ ಮಾತ್ರ ಆಚೆ ಹೋಗಬಾರ್ದು. ಮೂರು ಕಳಕಂಡ ಕೈಯಾಗೆ ಹೊಲಿದಿದ್ದು ಅಂದ್ರೆ ಯಾರು ತಗಂಡಾರು?"

ನನಗೆ ಇದು ಸರಿ ಅನ್ನಿಸಿತು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅನ್ನಿಸಿದ್ದು ನಿಜ. ಅಕ್ಕ ನಮ್ಮ ಒಳಕೋಣೆಯಲ್ಲಿ ಮಿಷನ್ ಮುಂದೆ ಕೂರುತ್ತಿದ್ದಳು, ಜನ ಬಂದರೆ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಪ್ರತಿ ಲಂಗೋಟಿಗೂ ಅವಳದ್ದೊಂದು ವಿಚಾರಣೆ ಇರುತ್ತಿತ್ತು. ಗಂಡೋ ಹೆಣ್ಣೋ, ಎಷ್ಟು ತೂಕ, ಕತ್ತು ನಿಂತೈತಾ, ಹಾಲು ಕಕ್ಕುತ್ತಾ. ಫೋಟೋ ಬಂದರೆ ನನ್ನ ಫೋನು ಕಸಿದುಕೊಂಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು. "ಇದು ನಂದು" ಅನ್ನುತ್ತಿದ್ದಳು. ಲಂಗೋಟಿಯನ್ನೋ, ಕೂಸನ್ನೋ, ನಾನು ಕೇಳಲಿಲ್ಲ. ಅಷ್ಟು ಮಕ್ಕಳಿಗೆ ಹೊಲಿದಳು, ಒಂದನ್ನೂ ಎತ್ತಿಕೊಂಡಿರಲಿಲ್ಲ. ನನ್ನ ಮಗನನ್ನೂ ಸಹ.

ಆಮೇಲೆ ಹಾಲುರಾಮೇಶ್ವರದ ಕಡೆಯಿಂದ ಒಬ್ಬ ಅಜ್ಜಿ ಬಂದರು. ಅವರ ಮಗಳಿಗೆ ಎರಡು ಬಸಿರು ನಿಂತಿರಲಿಲ್ಲ, ಮೂರನೆಯದು ಉಳಿದು ಕೂಸಾಗಿತ್ತು. ಮೊದಲೇ ನಮ್ಮಲ್ಲಿ ಲಂಗೋಟಿ ಹೊಲಿಸಿಕೊಂಡು ಹೋಗಿದ್ದರು. ಈಗ ಹೆಸರಿಡುವುದಕ್ಕೆ ಕರೆಯಲು ಬಂದಿದ್ದರು.

"ಲಂಗೋಟಿ ಹೊಲಿದೋರ ಮಡಿಲಿಗೇ ಮೊದ್ಲು ಕೂಸು ಹಾಕ್ತೀನಿ ಅಂತ ಅಂದ್ಕಂಡೀನಿ. ತಪ್ಪದಂಗೆ ಬರ್ರಿ."

ಒಳಗೆ ಮಿಷನ್ ಸದ್ದು ನಿಂತಿತು. ಅಜ್ಜಿ ಬಾಗಿಲ ಕಡೆ ನೋಡಿ, ಒಳಗೆ ಯಾರಿದ್ದಾರೆ ಅಂತ ಕೇಳಿದರು.

"ಕೆಲಸದೋರು," ಅಂದೆ. "ಕಸೆ ಹಚ್ಚಾಕೆ ಬರ್ತಾರೆ. ಹೊಲಿಯೋದು ನಾನೇ."

ಮಿಷನ್ ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.

ಆ ವಾರವೆಲ್ಲ ಅಕ್ಕ ಎಂದಿನ ಹಾಗೆ ಬಂದು ಹೊಲಿದು ಹೋದಳು. ಹೊರಡುವ ಬೆಳಿಗ್ಗೆ ನೋಡಿದರೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಾಳೆ. ತಲೆ ಬಾಚಿ, ಬೂದು ಬಣ್ಣದ ಸೀರೆಯನ್ನು ನೆರಿಗೆ ಹಿಡಿದು ಉಟ್ಟಿದ್ದಾಳೆ. ಅಂಥ ದಿನ ಬೀಗ ಹಾಕಿ ಹೋಗುವ ಹೆಂಗಸು.

"ನಾನೂ ಬರ್ಲೇನವ್ವ? ಮುಂದಕ್ಕೆ ಬರಲ್ಲ. ದೂರ ನಿಂತು ನೋಡ್ಕಂಡು ಬತ್ತೀನಿ."

ಅತ್ತೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಆಟೋದಾಗೆ ಜಾಗ ಇಲ್ಲ ಅಕ್ಕ."

"ಆಗ್ಲಿ ಬಿಡು," ಅಂದಳು.

ನಮ್ಮನ್ನು ಕಳಿಸಲು ಬೀದಿ ತನಕ ಬಂದಳು. ಮಗನನ್ನು ಅತ್ತೆ ಹತ್ತಿರ ಬಿಟ್ಟಿದ್ದೆ, ಆಟೋದಲ್ಲಿ ಇದ್ದದ್ದು ನಾನು ಮತ್ತು ನನ್ನ ಗಂಡ, ಇಬ್ಬರೇ. ಪಕ್ಕದ ಖಾಲಿ ಜಾಗದಲ್ಲಿ ನನ್ನ ಚೀಲ ಇಟ್ಟುಕೊಂಡಿದ್ದೆ. ಅವಳು ಚೀಲ ನೋಡಿದಳು, ಆಮೇಲೆ ನನ್ನನ್ನು.

ಅಲ್ಲಿ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದರು. ಒಂದು ಹೊಸ ಸೀರೆ ಇಟ್ಟರು. ಕಂಬಳಿಯ ಉಪಾಯ ಹೇಗೆ ಹೊಳೆಯಿತು ಅಂತ ಯಾರೋ ಕೇಳಿದಾಗ ನಮ್ಮಜ್ಜಿ ಹೇಳಿಕೊಟ್ಟಿದ್ದು ಅಂದೆ. ನಮ್ಮಜ್ಜಿ ಜೀವಮಾನದಲ್ಲಿ ಸೂಜಿ ಹಿಡಿದವಳಲ್ಲ. ಊಟಕ್ಕೆ ಕೂತಾಗ ಆ ಅಜ್ಜಿ ನನ್ನ ಪಕ್ಕ ಬಂದು ಕುಳಿತು ಮೆಲ್ಲಗೆ ಹೇಳಿದರು, "ನಂದೂ ಎರಡು ಹೋಗಿದ್ವು ಕಣವ್ವ, ಇವಳಿಗೆ ಮುಂಚೆ. ಕಳಕಂಡ ಕೈಗೇ ಗೊತ್ತು, ಕೂಸಿನ ಮೈಗೆ ಎಷ್ಟು ಮೆತ್ತಗೆ ಇರಬೇಕು ಅಂತ. ನಿಂಗೆ ಚಿಕ್ಕ ವಯಸ್ಸಿಗೇ ಹೆಂಗೆ ಗೊತ್ತಾತೋ."

ಕೈಲಿದ್ದ ತುತ್ತನ್ನು ಎಲೆಗೆ ಇಳಿಸಿದೆ. ಯಾರಿಗೆ ಹೆದರಿ ಅಕ್ಕನನ್ನು ಬಚ್ಚಿಟ್ಟಿದ್ದೆನೋ ಅವರೇ ಅಕ್ಕನ ಹಾಗಿನವರು. ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಅವರು ಕೊಟ್ಟ ಸೀರೆ ನನ್ನ ತೊಡೆ ಮೇಲಿತ್ತು...

ಸಂಜೆ ಅದೇ ಸೀರೆ ತಂದು ಅಕ್ಕನ ಕೈಗಿಟ್ಟೆ. ಅಂಚು ಮುಟ್ಟಿ ನೋಡಿ ವಾಪಸ್ ಕೊಟ್ಟಳು. "ನಿಂಗೆ ಕೊಟ್ಟಿದ್ದು, ನೀನೇ ಉಟ್ಕ. ಅದಿರ್ಲಿ, ಎತ್ಕಂಡಾಗ ಕೂಸು ಭಾರ ಅನ್ನಿಸ್ತಾ?"

"ಹೂಂ ಅಕ್ಕ, ಭಾರ ಐತೆ."

"ಭಾರ ಇರಬೇಕು," ಅಂದಳು.

ಮರುದಿನ ಹೊಲಿಯಲು ಬರಲಿಲ್ಲ. ಕರೆಯಲು ಹೋದರೆ, "ಕಣ್ಣು ಕಾಣ್ತಿಲ್ಲವ್ವ, ಹೊಲಿಗೆ ಬಿಟ್ಟೀನಿ," ಅಂದಳು. ಎರಡು ದಿನ ಬಿಟ್ಟು ಹಿತ್ತಲ ಗೋಡೆಯಿಂದ ಇಣುಕಿದೆ. ಬೇವಿನ ನೆರಳಲ್ಲಿ ಕೂತು ತನ್ನ ರವಿಕೆಗೆ ಹೊಲಿಗೆ ಹಾಕಿಕೊಳ್ಳುತ್ತಿದ್ದಳು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಒಂದು ಮಾತು, ಅಕ್ಕ ತಪ್ಪಾಯಿತು ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಕೂಸು ಅತ್ತಂತಾಯಿತು ಅಂತ ನನಗೆ ನಾನೇ ಹೇಳಿಕೊಂಡು ಒಳಗೆ ಬಂದೆ. ಕೂಸು ಅತ್ತಿರಲಿಲ್ಲ.

ಆ ತಿಂಗಳೇ ತಮ್ಮ ಬಂದು ರಾಮಗಿರಿಗೆ ಕರೆದುಕೊಂಡು ಹೋದ. ಹೋದ ವರ್ಷ ಅಲ್ಲೇ ತೀರಿಕೊಂಡಳು. ನಮಗೆ ಸುದ್ದಿ ಬಂದದ್ದು ಮಣ್ಣಾಗಿ ಮೂರು ದಿನದ ಮೇಲೆ, ಸಂತೆಗೆ ಬಂದವರ ಬಾಯಿಂದ. ನಾವೇನು ಬಂಧುಗಳೇ, ಹೇಳಿ ಕಳಿಸೋದಕ್ಕೆ? ನಮ್ಮ ವ್ಯಾಪಾರ ಅದಕ್ಕೂ ಮೊದಲೇ ಮುಗಿದಿತ್ತು. ನಾನು ಹೊಲಿದವು ಕೂಸುಗಳ ತೊಡೆಯಲ್ಲಿ ಗೆರೆ ಮೂಡಿಸಿದವು, ಒಬ್ಬೊಬ್ಬರಾಗಿ ಕರೆ ಮಾಡುವುದು ಬಿಟ್ಟರು. ಶಾಲೆ ತೆರೆದಿತ್ತು, ಇವರು ಮತ್ತೆ ಯೂನಿಫಾರಂಗೆ ಕೂತರು. ಅತ್ತೆ ಈಗಲೂ ಯಾವಾಗಲಾದರೂ, "ಏನೇ ಅನ್ನು, ಅವಳಂಥ ಹೊಲಿಗೆ ಯಾರಿಗೂ ಬರಲ್ಲ ಬಿಡು," ಅನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಅವರ ಮೇಲೆ ಉರಿದುಕೊಂಡು ಏನು ಬಂತು, ಆಟೋ ಹತ್ತಿದವಳು ನಾನು.

ಟ್ರಂಕು ತೆಗೆದ ಆ ದಿನ ಸಂಜೆ ಮಗನ ಲಂಗೋಟಿಯನ್ನು ಒಲೆ ಹತ್ತಿರ ಒಣಗಿಸಿ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಫೋನು ಬಂತು. ಹಾಲುರಾಮೇಶ್ವರದ ಕಡೆಯ ಅದೇ ಅಜ್ಜಿ. ಈ ಸಲ ಸೊಸೆ ಬಸಿರಿ, ಏಳು ತಿಂಗಳಂತೆ.

"ನಿನ್ನ ಕೈಯಾಗೇ ಹೊಲಿದು ಕೊಡಬೇಕವ್ವ. ನಿನ್ನ ಕೈಗುಣ ದೊಡ್ಡದು."

ಆ ಕೈ ನನ್ನದಲ್ಲ ಅಜ್ಜಿ... ಇಷ್ಟೇ ಹೇಳಬೇಕಿತ್ತು. ಹೇಳಿದರೆ ಕಳೆದುಕೊಳ್ಳಲು ಈಗ ವ್ಯಾಪಾರವೂ ಇಲ್ಲ, ತಡೆಯಲು ಅತ್ತೆ ಎದುರಿಗೂ ಇರಲಿಲ್ಲ. ಲಂಗೋಟಿಯ ಹೊಲಿಗೆ ಮೇಲೆ ಬೆರಳಾಡಿಸುತ್ತಾ ಬಾಯಿ ತೆರೆದೆ.

"ಕಣ್ಣು ಕಾಣ್ತಿಲ್ಲ ಅಜ್ಜಿ, ಹೊಲಿಗೆ ಬಿಟ್ಟೀನಿ," ಅಂದೆ.

"ಅಯ್ಯೋ ಪಾಪ, ಎಂಥಾ ಕೈ ಅದು," ಅಂತ ಅವರು ಆ ಕಡೆಯಿಂದ ಬಹಳ ಹೊತ್ತು ಮರುಗಿದರು. ಆ ಮರುಕವನ್ನೂ ನಾನೇ ಇಟ್ಟುಕೊಂಡೆ.