ಮಂಡಿ ಹಿಂದಿನ ಮೂರು ಮನೆ

ಗಂಡ ಸತ್ತಾಗ ಬಸಮ್ಮನಿಗೆ ಹದಿನೇಳು ವರ್ಷ. ಮಾಗಡಿ ಸೀಮೆಯ ಕಲ್ಯದಲ್ಲಿದ್ದ ತವರಿಗೆ ಅವಳು ಒಂದು ಬಟ್ಟೆಗಂಟು ಹಿಡಿದು ವಾಪಸು ಬಂದ ದಿನದಿಂದ ಅಪ್ಪ ಚನ್ನಲಿಂಗಪ್ಪ ಸರಿಯಾಗಿ ಉಣ್ಣಲಿಲ್ಲ. ಅವನಿಗೆ ಬೇರೆ ಮಕ್ಕಳಿರಲಿಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಅಣ್ಣನ ಮಕ್ಕಳು ಹೊಲವನ್ನು ತಮ್ಮದಕ್ಕೆ ಸೇರಿಸಿಕೊಂಡು, ಮಗಳನ್ನು ಕೊಟ್ಟಿಗೆ ಬಾಚಲು ಹಾಕುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ವರ್ಷವೆಲ್ಲ ಯೋಚಿಸಿ ಪಾಲು ತೆಗೆದುಕೊಂಡ. ಪಾಲಿಗೆ ಬಂದ ಹೊಲ ಮಾರಿ, ಚನ್ನಪಟ್ಟಣದಲ್ಲಿ ಜಾಗ ಕೊಂಡು, ಸಾಲಾಗಿ ಮೂರು ಮನೆ ಕಟ್ಟಿಸಿದ. ಪತ್ರವನ್ನು ಮಗಳ ಹೆಸರಿಗೇ ಮಾಡಿಸಿದ.

“ಹೊಲ ಉಳಾಕೆ ಗಂಡಸು ಬೇಕು ಕಣವ್ವ,” ಅಂದ. “ಬಾಡಿಗೆ ಮನೆಗಾದ್ರೆ ಬೀಗದ ಕೈ ಒಂದಿದ್ರೆ ಸಾಕು. ಒಂದ್ರಲ್ಲಿ ನಾವಿರಾನ, ಎರಡ್ನ ಬಾಡಿಗೆಗೆ ಕೊಡಾನ. ನಾನು ಹೋದ್ಮೇಲೂ ನೀನು ಯಾರ ಬಾಗ್ಲಿಗೂ ಹೋಗಂಗಿಲ್ಲ.”

ಆ ವ್ಯವಹಾರದ ಗಂಧಗಾಳಿ ಇಬ್ಬರಿಗೂ ಇರಲಿಲ್ಲ. ಜಾಗ ರಾಗಿ ಮಂಡಿಯ ಹಿಂಗೋಡೆಗೆ ಅಂಟಿಕೊಂಡಿತ್ತು. ಸುತ್ತಮುತ್ತಲಿನ ಅರ್ಧ ಬೆಲೆಗೆ ಸಿಕ್ಕಿತು. ಅಗ್ಗ ಯಾಕೆ ಎಂದು ಚನ್ನಲಿಂಗಪ್ಪ ಯಾರನ್ನೂ ಕೇಳಲಿಲ್ಲ, ತನ್ನ ಅದೃಷ್ಟ ಅಂದುಕೊಂಡ. ಹತ್ತು ವರ್ಷದ ಹಿಂದೆ ಪ್ಲೇಗು ಬಂದಾಗ ಮೊದಲ ಇಲಿ ಸತ್ತು ಬಿದ್ದದ್ದು ಆ ಮಂಡಿಯಲ್ಲೇ ಎಂಬುದು ಬೀದಿಗೆಲ್ಲ ಗೊತ್ತಿದ್ದ ಮಾತು. ಮಾಗಡಿ ಕಡೆಯಿಂದ ಬಂದವನಿಗೆ ಅದನ್ನು ಯಾರು ಹೇಳಬೇಕು? ಖರ್ಚು ಉಳಿಯಲೆಂದು ಅವನು ಮೂರು ಮನೆಗೂ ಒಂದೇ ಸೂರು ಹಾಕಿಸಿ, ನಡುಗೋಡೆಗಳನ್ನು ತೊಲೆಯ ಮಟ್ಟಕ್ಕೇ ನಿಲ್ಲಿಸಿದ, ಅಲ್ಲಿಂದ ಸೂರಿನವರೆಗೆ ಖಾಲಿ ಬಿಟ್ಟ. ಕೈಯಲ್ಲಿದ್ದದ್ದೆಲ್ಲ ಗೋಡೆಗೂ ಹೆಂಚಿಗೂ ಹೋಯಿತು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ನಡುಮನೆಯಲ್ಲಿ ಒಬ್ಬರು ಸ್ಕೂಲು ಮೇಷ್ಟ್ರು, ಕೊನೇ ಮನೆಯಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಮುನಿಶಾಮಯ್ಯ. ಮೂರನೇ ವರ್ಷ ಚಳಿ ಶುರುವಾದಾಗ ಒಂದು ಬೆಳಿಗ್ಗೆ ಮೇಷ್ಟ್ರ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದರು. ಸೂರಿನಿಂದ ಒಂದು ಇಲಿ ಮೊರದ ಪಕ್ಕಕ್ಕೆ ಬಿತ್ತು, ಎರಡು ಸುತ್ತು ಸುತ್ತಿ ಸತ್ತಿತು. ಮಧ್ಯಾಹ್ನದೊಳಗೆ ಎರಡು ಮನೆಯೂ ಖಾಲಿ. ವಾರದಲ್ಲಿ ಬೀದಿಯೇ ಖಾಲಿ. ಮನೆಯೊಳಗೆ ಬಿಸಿಲು ಬೀಳಲೆಂದು ಸರ್ಕಾರದ ಆಳುಗಳು ಬಂದು ಹೆಂಚು ಇಳಿಸಿದರು. ಅಪ್ಪ ಮಗಳು ಊರಾಚೆಯ ಬಯಲಿನಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡರು.

ಅಲ್ಲಿ ಚನ್ನಲಿಂಗಪ್ಪನ ಕಂಕುಳಲ್ಲಿ ಗಡ್ಡೆ ಎದ್ದಿತು. ನಾಲ್ಕನೇ ದಿನ ಜ್ವರದ ಅಮಲಿನಲ್ಲಿ “ಕೊನೇ ಮನೆ ಬಾಡಿಗೆ ಬಂತಾ?” ಎಂದು ಕೇಳಿದ. “ಬಂತು ಕಣಪ್ಪ,” ಅಂದಳು ಬಸಮ್ಮ. ಮಣ್ಣು ಮಾಡಲು ಮುನಿಶಾಮಯ್ಯ ಒಬ್ಬ ಬಂದ, ಗುಣಿ ತೋಡುವವನು ಒಬ್ಬ ಬಂದ. ಅಪ್ಪನನ್ನು ಗುಣಿಯಲ್ಲಿ ಕೂರಿಸುವಾಗ ಮೂರನೆಯ ಕೈ ಬೇಕಾಯಿತು. ಬಸಮ್ಮನೇ ಇಳಿದಳು.

ಮೂರು ತಿಂಗಳಾದ ಮೇಲೆ ಊರಿಗೆ ಬಂದು ನೋಡಿದರೆ, ಮಧ್ಯೆ ಬಿದ್ದ ಮಳೆಗೆ ಕೊನೇ ಮನೆಯ ಮಣ್ಣುಗೋಡೆ ಕುಸಿದಿತ್ತು. ಇಳಿಸಿಟ್ಟ ಹೆಂಚಿನಲ್ಲಿ ಅರ್ಧವನ್ನು ಯಾರೋ ಹೊತ್ತುಕೊಂಡು ಹೋಗಿದ್ದರು. ಕಲ್ಯದಿಂದ ದೊಡ್ಡಪ್ಪನ ಮಗ ಗುರುಸಿದ್ದಯ್ಯ ಗಾಡಿ ಕಟ್ಟಿಕೊಂಡು ಬಂದ.

“ಇಲ್ಲೇನೈತೆ ನಿಂಗೆ? ಇದ್ನ ನಮ್ಮೆಸ್ರಿಗೆ ಬರ್ಕೊಟ್ಟು ಬಂದ್ಬುಡು. ಒಂದೊತ್ತು ಮುದ್ದೆಗೇನು ಬರ ಇಲ್ಲ.”

“ಬರಾಕಿಲ್ಲ ಅಣ್ಣಯ್ಯ,” ಅಂದಳು.

ಅಂದದ್ದೇನೋ ಆಯಿತು, ಆದರೆ ಮಾರನೇ ದಿನಕ್ಕೆ ಹಿಟ್ಟಿರಲಿಲ್ಲ. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮಾರಿದಳು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಆ ದುಡ್ಡಿನಲ್ಲಿ ತನ್ನ ಮನೆಗೂ ನಡುಮನೆಗೂ ಹೆಂಚು ಹೊದಿಸಿದಳು. ಬಾಡಿಗೆಗೆ ಕೇಳಲು ಬಂದವರೆಲ್ಲ ಅಕ್ಕಪಕ್ಕ ವಿಚಾರಿಸಿ ಹಾಗೇ ಹೊರಟುಹೋಗುತ್ತಿದ್ದರು. ರಾಗಿ ಬೀಸಿಕೊಟ್ಟು ತಂದ ಹಿಟ್ಟಿನಲ್ಲಿ ಏಳು ತಿಂಗಳು ದೂಡಿದಳು.

ಮತ್ತೆ ಚಳಿಗಾಲ ಬರುವ ಹೊತ್ತಿಗೆ ಹೊಂಗನೂರಿನ ಅಂಕಯ್ಯ ಬಂದ. ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ ಅವನಿಗೆ ಪೇಟೆಯಲ್ಲಿ ಹೊಸದಾಗಿ ಸಿಕ್ಕಿತ್ತು. ಜೊತೆಯಲ್ಲಿ ಬಂದ ಹೆಂಡತಿ ಹನುಮಂತಮ್ಮ ಬಸುರಿ. ಮನೆ ನೋಡಿ, ಒಲೆ ಮುಟ್ಟಿ ನೋಡಿ, ಅವಳೇ ಕೇಳಿದಳು.

“ಹೋದ್ವರ್ಸ ಇಲ್ಲಿ ಇಲಿ ಗಿಲಿ ಬಿದ್ದಿತ್ತಾ ಅಕ್ಕಯ್ಯ?”

ಬಸಮ್ಮ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ.

“ಇಲ್ಲ ಕಣವ್ವ. ಆ ಕಡೆ ಬೀದಿಲಿ ಬಿದ್ದಿದ್ವು.”

ಅವರು ಅವತ್ತೇ ಸಾಮಾನು ಇಳಿಸಿದರು. ಹನುಮಂತಮ್ಮ ಮಾತುಗಾತಿ. ಸಾರು ಕುದಿದರೆ ಗೋಡೆಯಾಚೆಯಿಂದಲೇ ಕೂಗಿ ಕರೆದು, ಬಾಗಿಲಿಗೆ ಬಂದು ಬಟ್ಟಲು ಕೊಡುತ್ತಿದ್ದಳು. ಬಸಮ್ಮ ಉಣ್ಣುತ್ತಿದ್ದಳು, ಬಟ್ಟಲು ವಾಪಸು ಕೊಡುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಅವರು ಬಂದು ತಿಂಗಳಾಗಿತ್ತಷ್ಟೆ. ಒಂದು ಬೆಳಿಗ್ಗೆ ಕಸ ಗುಡಿಸುವಾಗ ಬಸಮ್ಮನ ಒಲೆಯ ಹಿಂದೆ ಸತ್ತ ಇಲಿ ಸಿಕ್ಕಿತು. ಅವಳು ಸುತ್ತ ನೋಡಿದಳು. ಮುತ್ತುಗದ ಎಲೆಯಲ್ಲಿ ಅದನ್ನು ಹಿಡಿದು ಹಿತ್ತಲಿಗೆ ಒಯ್ದು ಹೂತಳು, ಮೇಲೆ ಕಲ್ಲಿಟ್ಟಳು. ಬೆಕ್ಕು ಕಚ್ಚಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಇಲಿಯ ಮೈಮೇಲೆ ಗಾಯವಿರಲಿಲ್ಲ. ಹೇಳಿದರೆ ಇವತ್ತೇ ಹೊರಡುತ್ತಾರೆ, ಇನ್ನು ಮುಂದೆ ಯಾರೂ ಬರುವುದಿಲ್ಲ. ನಾಳೆ ಹೇಳೋಣ ಅಂದುಕೊಂಡಳು. ಮಾರನೇ ದಿನ ಗೋಡೆಯಾಚೆ ಹನುಮಂತಮ್ಮ ಯಾವುದೋ ಹಾಡು ಗುನುಗುತ್ತಿದ್ದಳು, ಅವತ್ತೂ ಹೇಳಲಿಲ್ಲ. ಮೂರನೇ ದಿನ ಗೋಡೆಯಾಚೆ ಸದ್ದಿರಲಿಲ್ಲ. ಬಸಮ್ಮ ಓಡಿಹೋಗಿ ಬಾಗಿಲು ತಳ್ಳಿದರೆ, ಹನುಮಂತಮ್ಮ ಚಾಪೆಯ ಮೇಲೆ ಮುದುರಿಕೊಂಡು ನಡುಗುತ್ತಿದ್ದಳು.

ಅವಳನ್ನು ಮತ್ತೆ ಆ ಊರಾಚೆಯ ಬಯಲಿಗೇ ಸಾಗಿಸಿದರು. ಅಲ್ಲಿ ಗುಡಿಸಲಿನಲ್ಲಿ ಬಸಮ್ಮನೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು. ಬದುಕಿದ್ದು ಮೂರೇ ದಿನ. ಹೊಟ್ಟೆಯಲ್ಲಿದ್ದದ್ದೂ ಜೊತೆಗೇ ಹೋಯಿತು. ಎಲ್ಲ ಮುಗಿದ ಮೇಲೆ ಬಸಮ್ಮ ಅಂಕಯ್ಯನ ಎದುರು ಕೂತಳು.

“ನನ್ನ ಒಲೆ ಹಿಂದೆ ಇಲಿ ಸತ್ತಿತ್ತು. ಮೊದ್ಲೇ ಕಂಡಿದ್ದೆ. ಹೋದ್ವರ್ಸ ಬಿದ್ದಿದ್ದೂ ನೀವಿದ್ದ ಮನೇಲೆಯ.”

ಅಂಕಯ್ಯ ತಲೆ ಎತ್ತಿದ. “ಯಾಕೆ ಹೇಳ್ನಿಲ್ಲ ಅಕ್ಕಯ್ಯ?”

“ನೀವು ಹೊಂಟೋಗ್ತೀರಿ ಅಂತ.”

ಅವನು ಬೈಯಲಿಲ್ಲ. ಎದ್ದು ಹೊಂಗನೂರಿನ ದಾರಿ ಹಿಡಿದ. ಪಾತ್ರೆಪಡಗ ತೆಗೆದುಕೊಂಡು ಹೋಗಲೂ ಬರಲಿಲ್ಲ. ಕೆರೆಯ ಏರಿಯ ಮೇಲೆ ಬಸಮ್ಮ ಎರಡು ಸಲ ನಿಂತಳು. ಎರಡು ಸಲವೂ ನೀರು ನೋಡಿ ವಾಪಸು ಬಂದಳು. ಸಾಯುವುದಕ್ಕೂ ತನಗೆ ಧೈರ್ಯವಿಲ್ಲ ಎಂಬುದು ತಿಳಿದ ಮೇಲೆ ಕುಸಿದ ಮನೆಯ ಮಣ್ಣನ್ನು ತಾನೇ ಕಲಸಿ, ಬಿದ್ದ ಗೋಡೆ ಎಬ್ಬಿಸಿ, ಇಲಿ ದಾಟದಂತೆ ನಡುಗೋಡೆಗಳನ್ನು ಸೂರಿನವರೆಗೆ ಏರಿಸತೊಡಗಿದಳು. ಅದಕ್ಕೆ ಎರಡು ವರ್ಷ ಹಿಡಿಯಿತು. ಅಲ್ಲಿಂದ ಮುಂದೆ ಮನೆ ಕೇಳಲು ಬಂದವರನ್ನು ಜಗಲಿಯಲ್ಲಿ ಕೂರಿಸಿ, ಒಳಗೆ ನಡೆದದ್ದೆಲ್ಲ ಹೇಳಿಯೇ ಬೀಗದ ಕೈ ತೆಗೆಯುತ್ತಿದ್ದಳು. ಹತ್ತರಲ್ಲಿ ಒಂಬತ್ತು ಜನ ಎದ್ದು ಹೋಗುತ್ತಿದ್ದರು. ಬೊಂಬೆಗೆ ಅರಗಿನ ಬಣ್ಣ ಹಾಕುವ ಇಮಾಮ್ ಸಾಬ್ ಮಾತ್ರ, ಹೇಳಿದ್ದು ಒಳ್ಳೆಯದಾಯಿತು ಎಂದು ಉಳಿದ. ಮನೆ ತುಂಬ ಬೇವಿನ ಹೊಗೆ ಹಾಕಿಕೊಂಡು ಹನ್ನೊಂದು ವರ್ಷ ಅಲ್ಲೇ ಇದ್ದ.

ಬಸಮ್ಮನಿಗೆ ತಲೆ ನರೆತ ಕಾಲಕ್ಕೆ ಮಾಗಡಿಯಿಂದ ಗಿರಿಜಾಂಬ ಎಂಬ ಹುಡುಗಿ ಬಂದಳು. ಅವಳಿಗೂ ಗಂಡನಿರಲಿಲ್ಲ. ಕೈಯಲ್ಲಿ ಒಂದಿಷ್ಟು ದುಡ್ಡಿತ್ತು, ಬಾಡಿಗೆಗೆ ಕೊಡಲು ಮನೆ ಕೊಳ್ಳಬೇಕೆಂದಿದ್ದಳು, ಬಸಮ್ಮನನ್ನು ವಿಚಾರಿಸಲು ಬಂದಿದ್ದಳು.

“ಅಗ್ಗಕ್ಕೆ ಸಿಕ್ರೆ ಯಾಕಗ್ಗ ಅಂತ ಕೇಳು,” ಅಂದಳು ಬಸಮ್ಮ. “ಮಾರೋನ್ನ ಕೇಳ್ಬ್ಯಾಡ, ಎದುರುಮನೆ ಹೆಂಗಸ್ನ ಕೇಳು. ಮಳೇಲಿ ಹೋಗಿ ನೋಡು. ಇರೋದ್ನೆಲ್ಲ ಸುರೀಬ್ಯಾಡ, ಒಂದ್ವರ್ಸ ಬಾಡಿಗೆ ಬರ್ದಿದ್ರೂ ಉಣ್ಣಂಗೆ ಒಸಿ ಇಟ್ಕೋ. ನಾನು ಇಟ್ಕೊಂಡಿದ್ರೆ ಆ ದಿನ ಸುಳ್ಳು ಹೇಳ್ತಿರ್ನಿಲ್ಲ.”

“ಯಾವ ದಿನ?” ಎಂದು ಗಿರಿಜಾಂಬ ಕೇಳಿದಳು.

ಬಸಮ್ಮ ಹೇಳಿದಳು. ಹನುಮಂತಮ್ಮ ಒಲೆ ಮುಟ್ಟಿ ನೋಡಿದ್ದರಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದಳು. ಹುಡುಗಿ ಸಂಜೆಯ ರೈಲಿಗೆ ಹೊರಟಳು. ಮನೆ ಕೊಂಡಳೋ ಬಿಟ್ಟಳೋ ತಿಳಿಯಲಿಲ್ಲ. ಆಗ ಕಾರ್ತಿಕ ಕಳೆದು ಚಳಿ ಹುಟ್ಟಿತ್ತು. ಬಸಮ್ಮ ಎದ್ದು ಎರಡು ಮನೆಗಳ ಬಾಗಿಲಿಗೂ ಹೋಗಿ, “ಇಲಿ ಕಂಡ್ರೆ ತಕ್ಷಣ ಹೇಳಿ. ಹೊಂಟೋದ್ರೂ ಚಿಂತಿಲ್ಲ, ಆ ತಿಂಗ್ಳ ಬಾಡಿಗೆ ಬ್ಯಾಡ,” ಎಂದು ಹೇಳಿ ಬಂದಳು.