ಮೊದಲ ಚಪ್ಪಾಳೆ ಶಾಹೀನಳದು

ಕಳೆದ ಶನಿವಾರ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಆಫೀಸಿನ ಹನ್ನೊಂದು ಜನರಿಗೆ ಹಿಂದಿ ಪಿಕ್ಚರಿನ ಟಿಕೆಟ್ ಬುಕ್ ಮಾಡಿದೆ. ಟ್ರೈಲರ್ ಕೂಡ ನೋಡದೆ!

ನವಿ ಮುಂಬಯಿ ವಾಶಿಯ ನಮ್ಮ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಎಲ್ಲರೂ ಸೇರಿ ಮ್ಯಾಟಿನಿಗೆ ಹೋಗುವುದು ಪದ್ಧತಿ. ಬರುವುದಿಲ್ಲ ಅನ್ನುವ ಹಾಗಿಲ್ಲ. ಅಂದವರಿಗೆ ಸೋಮವಾರ ಇಡೀ ದಿನ ವಿಚಾರಣೆ. ಈ ಸಲ ಬುಕಿಂಗ್ ನನ್ನ ತಲೆಗೆ ಬಂತು. ಹಾಡಿದೆ, ಹೊಡೆದಾಟವಿದೆ, ದೊಡ್ಡ ಸ್ಟಾರ್ ಇದ್ದಾನೆ. ಇನ್ನೇನು ಬೇಕು?

ಹನ್ನೊಂದರಲ್ಲಿ ಒಬ್ಬಳು ಶಾಹೀನ್. ನನ್ನ ಪಕ್ಕದ ಸೀಟಿನವಳು, ವಿಜಯಪುರ ಕಡೆಯವಳು. ಅವಳ ಅಪ್ಪ ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊತ್ತು ಮಗಳನ್ನು ಬಿ.ಕಾಂ. ಓದಿಸಿದವರು, ಈಗಲೂ ಹೊರುತ್ತಾರೆ. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. (ನನ್ನದು ಉಡುಪಿ ಕನ್ನಡ, ಅವಳದು ಜೋಳದ ರೊಟ್ಟಿಯ ಕನ್ನಡ. ಊಟ ಮಾತ್ರ ಒಟ್ಟಿಗೆ.)

ಪಿಕ್ಚರ್ ಶುರುವಾಗಿ ಹತ್ತೇ ನಿಮಿಷಕ್ಕೆ ನನಗೆ ಕಸಿವಿಸಿ. ತೆರೆಯ ತುಂಬ ಬಾಂಬು ಕಟ್ಟುವ ಗಡ್ಡದವರು. ಅವರ ಗಲ್ಲಿಯಲ್ಲಿ ಹಗಲೇ ಆಗುವುದಿಲ್ಲ, ಅವರ ಮನೆಯಲ್ಲಿ ಒಂದು ಮಗುವೂ ನಗುವುದಿಲ್ಲ. ಕೊನೆಗೆ ಹೀರೋ ವಿಲನ್ನಿನ ಎದೆಗೆ ಗುಂಡು ಹೊಡೆದ. ಮೊದಲ ಚಪ್ಪಾಳೆ ಶಾಹೀನಳದು. ಆಮೇಲೆ ಇಡೀ ಥಿಯೇಟರ್ ಎದ್ದು ಕುಣಿಯಿತು.

ಸದ್ಯ, ಅವಳಿಗೆ ಬೇಜಾರಾಗಿಲ್ಲ ಅಂದುಕೊಂಡೆ.

ಸಂಜೆ ಇಬ್ಬರೂ ಠಾಣೆ ಲೋಕಲ್ ಹತ್ತಿದೆವು. ಅಲ್ಲಿಂದ ಅವಳು ಮುಂಬ್ರಾಕ್ಕೆ, ನಾನು ನೌಪಾಡಾಕ್ಕೆ. ಶಾಹೀನ್ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ಎಂಥ ಮಾರಾಯ್ತಿ, ಬಾಯಿಗೆ ಬೀಗ? ಪಿಕ್ಚರ್ ಹೇಗಿತ್ತು?"

"ಖರೇ ಹೇಳ್ಲಿ ಅಕ್ಕಾ? ವಿಲನ್ ಯಾರಂತ ನನಗ ಮೊದಲನೇ ಸೀನಿನ್ಯಾಗ ಗೊತ್ತಾತು. ಕಣ್ಣಿಗೆ ಸುರ್ಮಾ ಹಚ್ಕೊಂಡಿದ್ದ."

ಅವಳ ಅಪ್ಪನೂ ಶುಕ್ರವಾರದ ನಮಾಜಿಗೆ ಸುರ್ಮಾ ಹಚ್ಚುತ್ತಾರೆ. ಮೂಟೆಯ ಧೂಳಿಗೆ ಉರಿಯುವ ಕಣ್ಣಿಗೆ ಅದು ತಂಪು ಅನ್ನುತ್ತಾರಂತೆ.

"ಹೋದ ತಿಂಗಳ ನಾನೇ ಹೇಳೀನಿ ಅಕ್ಕಾ, ಟ್ರೇನ್ ಹತ್ತೂ ಮೊದಲ ಒರಸ್ಕೊ ಅಂತ."

"ಅವರೇನು ಹೇಳಿದ್ರು?"

"ಒರಸ್ಕೊಂಡ."

ಹಿಂದಿ ಸಿನಿಮಾದವರು ನಮ್ಮ ದಕ್ಷಿಣದವರನ್ನೂ ಬಿಟ್ಟಿಲ್ಲ. ಲುಂಗಿ ಉಡಿಸಿ, 'ಅಯ್ಯಯ್ಯೋ' ಅನ್ನಿಸಿ ಜೋಕರ್ ಮಾಡುತ್ತಾರೆ. ಸಿಟ್ಟು ಬರುತ್ತದೆ, ಹೌದು. ಆದರೆ ಅದನ್ನು ನೋಡಿ ಬಂದ ಯಾರೂ ಲೋಕಲ್‌ನಲ್ಲಿ ನನ್ನ ಪಕ್ಕದಿಂದ ಎದ್ದು ಹೋಗಿಲ್ಲ. 'ಪಿಕ್ಚರ್ ಅಲ್ವಾ, ಬಿಡಿ' ಅನ್ನುವುದು ನಮಗೆಷ್ಟು ಸುಲಭ!

"ಮತ್ತೆ ಚಪ್ಪಾಳೆ ಯಾಕೆ ಹೊಡೆದೆ?" ಅಂತ ಕೇಳಿದೆ.

"ಹೊಡೀದಿದ್ರ ಎಲ್ಲಾರೂ ನನ್ನ ಮಾರಿ ನೋಡ್ತಾರಕ್ಕಾ. ಸೋಮವಾರ ಅವ್ರ ಜೋಡೀನೇ ಕೂತು ಉಣಬೇಕಲ್ಲ? ಮೊದಲೇ ಹೊಡೆದುಬಿಟ್ರ ಯಾರೂ ನೋಡಂಗಿಲ್ಲ."

'ಹುಚ್ಚಿ, ನಮ್ಮವರಲ್ಲಿ ಯಾರು ನಿನ್ನ ಮುಖ ನೋಡ್ತಾರೆ' ಅನ್ನಲು ಬಾಯಿ ತೆರೆದೆ. ಹಾಗೇ ಮುಚ್ಚಿದೆ.

ವಿಲನ್ ಬಿದ್ದ ಗಳಿಗೆಯಲ್ಲಿ ತೆರೆ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದವಳು ನಾನಲ್ಲವೇ?