ನಲವತ್ತೆಂಟು ದಿನದ ಮಣ್ಣು

ಗುರುಸಿದ್ದ ಹೂಗಾರರು ಧಾರವಾಡದ ಕೃಷಿ ಕಾಲೇಜಿನಲ್ಲಿ ಮಣ್ಣಿನ ಶಾಸ್ತ್ರ ಓದಿದ್ದವರು. ಓದಿದ್ದು ಮಣ್ಣು, ಮಾಡಿದ್ದು ಲೋಹದ ಚಾಕರಿ. ಅಮೆರಿಕದ ಮಿಷಿಗನ್ ರಾಜ್ಯದ ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳಿಗೆ ಹೊಳಪಿನ ಲೇಪ ಕೊಡುವ ತೊಟ್ಟಿಗಳನ್ನು ಅವರು ಹದಿನೆಂಟು ವರ್ಷ ಕಾದರು. ತೊಟ್ಟಿಯ ದ್ರಾವಣ ಎಷ್ಟು ಬಿಸಿಯಿದೆ ಎಂದು ಗಂಟೆಗೊಮ್ಮೆ ನೋಡಿ ಬರೆದಿಡುವುದು ಅವರ ಕೆಲಸ. ಎರಡು ಡಿಗ್ರಿ ಹೆಚ್ಚಾದರೂ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಬೆಳಗಿನ ಇಷ್ಟಲಿಂಗ ಪೂಜೆಯಲ್ಲಿ ಎಂಥ ನಿಷ್ಠೆಯೋ ಆ ಅಳತೆಯಲ್ಲಿಯೂ ಅಂಥದೇ ನಿಷ್ಠೆ.

2009ರ ಬೇಸಿಗೆಯಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದೇ ತೊಟ್ಟಿಗಳ ಸಾಲಿನಲ್ಲಿ ಅವರ ಪಕ್ಕಕ್ಕೇ ನಿಂತು ದುಡಿದ ಗದಗಿನ ಅಲೀಮ್ ಕೂಡ ಅಂದೇ ಹೊರಬಿದ್ದ. ಡೆಟ್ರಾಯಿಟ್ ಸುತ್ತಮುತ್ತ ಆ ವರ್ಷ ಯಾರ ಮನೆಯ ಮುಂದೆ ನೋಡಿದರೂ ಹಗಲು ಹೊತ್ತಿನಲ್ಲಿಯೇ ಕಾರುಗಳು ನಿಂತಿರುತ್ತಿದ್ದವು. ಇಬ್ಬರೂ ಹತ್ತು ಕಡೆ ಅರ್ಜಿ ಹಾಕಿ, ಉತ್ತರ ಬಾರದೆ, ಕೊನೆಗೆ ಮಧ್ಯಾಹ್ನಗಳಲ್ಲಿ ಒಬ್ಬರ ಮನೆಯಲ್ಲೊಬ್ಬರು ಕುಳಿತು ಕಾಲ ಕಳೆಯತೊಡಗಿದರು. ಸೆಪ್ಟೆಂಬರ್ ಹೊತ್ತಿಗೆ ಅಲೀಮನ ಹೆಂಡತಿ ಚಾಂದ್ ಬೀಗೆ ಹೊಟ್ಟೆಯ ಕ್ಯಾನ್ಸರ್ ಎಂದು ಆನ್ ಆರ್ಬರಿನ ಆಸ್ಪತ್ರೆಯ ವೈದ್ಯರು ಹೇಳಿದರು.

ಚಾಂದ್ ಬೀ ಮಾತಿನ ಮಲ್ಲಿ. ಗುರುಸಿದ್ದರನ್ನು ‘ಅಣ್ಣಾರ’ ಎಂದೇ ಕರೆಯುತ್ತಿದ್ದಳು. ಚಿಕಿತ್ಸೆ ಶುರುವಾದ ಮೂರೇ ವಾರದಲ್ಲಿ ಆ ಹೆಣ್ಣುಮಗಳ ಮುಖ ಬಾಡಿ ಸಣ್ಣದಾಯಿತು. ಉಂಡದ್ದು ಒಂದು ಗಂಟೆಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವಾಂತಿ ತಡೆಯುವ ಮಾತ್ರೆಗಳು ನಾಲ್ಕು ಬಗೆ ಆದವು; ಒಂದೂ ಹಿಡಿಯಲಿಲ್ಲ. ಆಗ ವೈದ್ಯರು ಎರಡು ಮಾತು ಹೇಳಿದರು. ಮಾರ್ಚ್ ಕೊನೆಯವರೆಗೆ ಈಕೆ ತೂಕ ಉಳಿಸಿಕೊಂಡರೆ ಮಾತ್ರ ಮುಂದಿನ ಸುತ್ತಿನ ಔಷಧಿ ಕೊಡಬಹುದು, ಇಲ್ಲದಿದ್ದರೆ ಕೈಬಿಡಬೇಕಾಗುತ್ತದೆ. ಇನ್ನೊಂದು, ಮಿಷಿಗನ್‌ನಲ್ಲಿ ಈಗ ಕಾಯಿದೆ ಬಂದಿದೆ; ಇಂಥ ರೋಗಿಗಳು ಗಾಂಜಾ ಸೇವಿಸಬಹುದು, ಹಸಿವು ಮರಳುತ್ತದೆ, ಹೊಟ್ಟೆ ಅನ್ನವನ್ನು ಹಿಡಿದಿಟ್ಟುಕೊಳ್ಳುತ್ತದೆ. ರೋಗಿ ತಾನು ನಂಬಿದ ಒಬ್ಬರ ಹೆಸರನ್ನು ಸರ್ಕಾರದಲ್ಲಿ ನೋಂದಾಯಿಸಿದರೆ, ಅವರು ಆಕೆಗಾಗಿ ಹನ್ನೆರಡು ಗಿಡದವರೆಗೆ ಬೆಳೆಯಬಹುದು.

ಅಲೀಮನಿಗೆ ಆ ಮಾತು ಕೇಳಿ ಅನ್ನನೀರು ಸೇರಲಿಲ್ಲ. ಮತ್ತಿನ ವಸ್ತು ಮನೆಯೊಳಗೆ ಬರುವುದು ಅವನ ಧರ್ಮಕ್ಕೆ ಒಗ್ಗದ ಮಾತು. ಮಸೀದಿಯ ಹಿರಿಯರ ಬಳಿ ಹೋಗಿ ಕೇಳಿದ. ಪ್ರಾಣ ಉಳಿಸುವ ಔಷಧಿಗೆ ದೇವರು ಬಾಗಿಲು ಮುಚ್ಚಿಲ್ಲ ಎಂದು ಅವರು ಸಮಾಧಾನ ಹೇಳಿದರು. ಆದರೂ ಅಲೀಮ್ ಒಂದು ಕಟ್ಟು ಹಾಕಿಕೊಂಡ: ಗುರುತಿಲ್ಲದವರ ಕೈಯಿಂದ ಕೊಳ್ಳುವುದಿಲ್ಲ. ಬೆಳೆಯುವ ಕೈ ಶುದ್ಧವಾಗಿರಬೇಕು. ಅವನಿಗೆ ಗೊತ್ತಿದ್ದ ಶುದ್ಧವಾದ ಕೈ ಒಂದೇ.

“ನಮ್ಮಪ್ಪ ಗಾಂಜಾ ಸೇದೋವ್ರ ಕಟ್ಟಿ ಕಡೆ ಹಾಯಬ್ಯಾಡ ಅಂತಿದ್ದ,” ಎಂದು ಚಾಂದ್ ಬೀ ಹಾಸಿಗೆಯಿಂದಲೇ ನಕ್ಕಳು. “ಈಗ ಲಿಂಗಾ ಕಟ್ಟಿದ ಅಣ್ಣಾರ ನಮಾಜ್ ಮಾಡೋ ಮನಿಗೆ ಗಾಂಜಾ ತರ್ತಾರ. ಅಪ್ಪ ಇದ್ದಿದ್ರ ಇಬ್ಬರಿಗೂ ಬಡೀತಿದ್ದ.”

“ನನಗ ಮೊದ್ಲು ಬಡೀತಿದ್ನವಾ,” ಎಂದರು ಗುರುಸಿದ್ದರು. “ನಾ ದೊಡ್ಡಾವ.”

ಗುರುಸಿದ್ದರ ಹೆಸರಿನಲ್ಲಿ ನೋಂದಣಿ ಆಯಿತು. ನವೆಂಬರಿನ ಮೊದಲ ವಾರ ಗುರುಸಿದ್ದರು ತೋಟಗಾರಿಕೆಯ ಅಂಗಡಿಗೆ ಹೋದರು. ನೆರೆಗೂದಲಿನ ಅಂಗಡಿಯಾಕೆ ಒಳ್ಳೆಯವಳು. ಕುಂಡದ ಗಿಡಕ್ಕೆ ದಿನವೂ ಗೊಬ್ಬರದ ನೀರು ಹಾಕುವ ಗೊಡವೆ ಬೇಡವಾದರೆ, ಮೂರು ತಿಂಗಳ ಆಹಾರವನ್ನು ಮೊದಲೇ ಮಣ್ಣಿನೊಳಗೆ ಕೂಡಿಸಿಡಬೇಕು, ಅದು ನಿಧಾನವಾಗಿ ಕರಗಿ ಬೇರಿಗೆ ಸಿಗುತ್ತದೆ ಎಂದು ವಿವರಿಸಿ, ರಕ್ತದ ಪುಡಿಯ ಚೀಲವನ್ನೂ ಎಲುಬಿನ ಪುಡಿಯ ಚೀಲವನ್ನೂ ಎತ್ತಿ ಮುಂದಿಟ್ಟಳು. ಗುರುಸಿದ್ದರು ಎರಡು ಹೆಜ್ಜೆ ಹಿಂದೆ ಸರಿದರು. ಪ್ರಾಣಿಯ ರಕ್ತ ಕಲಸಿದ ಕೈಯಲ್ಲಿ ಮರುದಿನ ಲಿಂಗ ಹಿಡಿಯುವುದು ಅವರಿಂದಾಗದು. ಅದರ ಬದಲು ಸೋಯಾ ಹಿಂಡಿ, ಬೇವಿನ ಹಿಂಡಿ, ಕಡಲಪಾಚಿಯ ಪುಡಿ, ಎರೆಗೊಬ್ಬರ, ಸ್ವಲ್ಪ ಸುಣ್ಣದ ಪುಡಿ, ರಂಜಕಕ್ಕೆಂದು ಕಲ್ಲಿನ ಪುಡಿ ತಂದರು. ಆಕೆ ಹಣ ತೆಗೆದುಕೊಳ್ಳುತ್ತ, ಕಲಸಿದ ಮೇಲೆ ಒಂದು ತಿಂಗಳಾದರೂ ಬೆಚ್ಚಗಿನ ಜಾಗದಲ್ಲಿ ಮಾಗಲು ಬಿಡಿ ಎಂದು ಹೇಳಿದಳು. ಗುರುಸಿದ್ದರು ತಲೆಯಾಡಿಸಿದರು. ಇದನ್ನು ಅವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಹಸಿ ಹಿಂಡಿಯನ್ನು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜೀವಿಗಳು ಮೊದಲು ಉಂಡು, ಜೀರ್ಣಿಸಿ, ಆಮೇಲೆ ಬೇರಿಗೆ ಬಡಿಸುತ್ತವೆ ಎಂಬುದು ಅವರು ಇಪ್ಪತ್ತನೆಯ ವಯಸ್ಸಿಗೇ ಪರೀಕ್ಷೆಯಲ್ಲಿ ಬರೆದ ವಿಷಯ.

ಗ್ಯಾರೇಜಿನಲ್ಲಿ ತಾಡಪತ್ರಿ ಹಾಸಿ, ಪೀಟ್ ಪಾಚಿ, ಗಾಳಿಯಾಡಲೆಂದು ಬಿಳಿ ಪರ್ಲೈಟ್ ಹರಳು, ಕೊಳೆತ ಎಲೆಗೊಬ್ಬರ ಸುರಿದು, ಹಿಂಡಿಗಳನ್ನು ಪದರ ಪದರವಾಗಿ ಉದುರಿಸಿ, ಮೊಣಕಾಲೂರಿ ಕಲಸಿದರು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು; ಅಷ್ಟೇ ನೀರು ಚಿಮುಕಿಸಿದರು. ಐದು ತಿಂಗಳಿಂದ ಕೆಲಸವಿಲ್ಲದೆ ಕುಗ್ಗಿದ್ದ ಆ ದೇಹಕ್ಕೆ ಅಂದು ಬೆವರು ಬಂತು, ಮುಖಕ್ಕೆ ಕಳೆ ಬಂತು.

ಆಗ ಅವರ ಮನಸ್ಸಿಗೆ ಒಂದು ಸಂಕಲ್ಪ ಹೊಳೆಯಿತು. ತಿಂಗಳಲ್ಲ, ಪೂರ್ತಿ ಒಂದು ಮಂಡಲ, ನಲವತ್ತೆಂಟು ದಿನ ಈ ಮಣ್ಣನ್ನು ಮಾಗಿಸುತ್ತೇನೆ. ಆ ನಲವತ್ತೆಂಟು ದಿನವೂ ಒಪ್ಪೊತ್ತು ಉಣ್ಣುತ್ತೇನೆ. ದೇವರು ಆ ತಂಗಿಯ ಹೊಟ್ಟೆಯಲ್ಲಿ ಅನ್ನ ನಿಲ್ಲಿಸಲಿ.

“ನಮ್ಮಾಗ ನಲವತ್ತಕ್ಕ ಮುಗಿಸ್ತಾರ ಅಣ್ಣಾರ,” ಎಂದಳು ಚಾಂದ್ ಬೀ, ಸುದ್ದಿ ಕೇಳಿ. “ನಿಮ್ಮ ದೇವ್ರು ಎಂಟು ದಿನ ಜಾಸ್ತಿ ಯಾಕ ಕೇಳ್ತಾನೋ.”

ಮಣ್ಣನ್ನು ನೆಲಮಾಳಿಗೆಯಲ್ಲಿ ಇಡಬೇಕಿತ್ತು. ಬೆಚ್ಚಗಿದ್ದ ಜಾಗ ಅದೊಂದೇ. ಆದರೆ ಪೂಜೆಯ ಕೋಣೆಯೂ ಅಲ್ಲಿಯೇ ಇತ್ತು. ಅವರ ಹೆಂಡತಿ ನೀಲಮ್ಮ ಮೆಟ್ಟಿಲ ಮೇಲೆ ನಿಂತು ದಾರಿ ತಡೆದಳು. “ರೀ, ಆ ನಾತದ ಹಿಂಡಿ ದೇವರ ಬಾಜೂಕ ಇಡತೀರೇನು? ಗ್ಯಾರೇಜಿನ್ಯಾಗ ಇರಲಿ. ಮಣ್ಣಿಗೇನು ಥಂಡಿ ಹತ್ತತೈತಿ?”

ಮಣ್ಣಿಗೆ ಥಂಡಿ ಹತ್ತುತ್ತದೆ. ಗುರುಸಿದ್ದರಿಗೆ ಅದು ಗೊತ್ತಿತ್ತು. ಆದರೂ ಆರು ಡಬ್ಬಗಳಲ್ಲಿ ಮಣ್ಣು ತುಂಬಿ ಗ್ಯಾರೇಜಿನ ಗೋಡೆಗೆ ಸಾಲಾಗಿ ಇಟ್ಟರು. ನಲವತ್ತೆಂಟು ದಿನ ಎಂಬ ಎಣಿಕೆಯ ಮೇಲೆ ಅವರಿಗೆ ಅಷ್ಟು ನಂಬಿಕೆ. ಧಾರವಾಡದ ಬಿಸಿಲಿನಲ್ಲಿ ಮೂರು ವಾರಕ್ಕೆ ಮಾಗುವ ಮಣ್ಣು ಇಲ್ಲಿ ಏಳು ವಾರಕ್ಕೆ ಮಾಗದೆ ಹೋದೀತೆ? ಸೋಮವಾರಕ್ಕೊಮ್ಮೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಡಬ್ಬ ತೆರೆದು ಮಣ್ಣನ್ನು ತಿರುವಿದರು. ಉಸಿರು ಹೊಗೆಯಾಗುವ ಆ ಚಳಿಯಲ್ಲಿ ಪ್ರಾರ್ಥನೆ ಮಾಡಿದರು, ಉಪವಾಸ ಮಾಡಿದರು. ಗೋಡೆಯ ಮೊಳೆಗೆ ತೂಗುಬಿದ್ದಿದ್ದ ಉಷ್ಣಮಾಪಕವನ್ನು ಮಾತ್ರ ಒಮ್ಮೆಯೂ ಮಣ್ಣಿನೊಳಗೆ ಇಳಿಸಲಿಲ್ಲ. ಭಕ್ತಿಯಿದ್ದ ಕಡೆ ಅಳತೆ ಬೇಡವೆಂದು ಯಾವ ದೇವರೂ ಹೇಳಿಲ್ಲ. ಅದು ಮನುಷ್ಯ ತನ್ನ ವ್ರತದ ಮೇಲೆ ತಾನೇ ಮೋಹಗೊಂಡಾಗ ಆಡಿಕೊಳ್ಳುವ ಮಾತು.

ಕ್ರಿಸ್‌ಮಸ್ಸಿನ ಹೊತ್ತಿಗೆ ಮಂಡಲ ತುಂಬಿತು. ಅದೇ ಕಾಯಿದೆಯಡಿ ತನ್ನ ರೋಗಿಗೆ ಸಾಲುವಷ್ಟೇ ಬೆಳೆಯುತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬ ಬೇರು ಬಿಟ್ಟ ಆರು ಕಡ್ಡಿಗಳನ್ನು ಕೊಟ್ಟ. ಗುರುಸಿದ್ದರು ಆರು ಕುಂಡ ತುಂಬಿ, ನೆಟ್ಟು, ನೆಲಮಾಳಿಗೆಯ ಇನ್ನೊಂದು ಮೂಲೆಯಲ್ಲಿ ದೀಪದ ಕೆಳಗಿಟ್ಟರು. ಕುಂಡಗಳಿಗೆ ನೀಲಮ್ಮ ಅಡ್ಡಿ ಮಾಡಲಿಲ್ಲ. ಗಿಡ ಗಿಡವೇ, ಹಸಿರು ಕಂಡರೆ ಅವಳೂ ಸೋಲುವವಳು. ಮಾರ್ಚ್ ನಡುವಿಗೆ ಔಷಧಿಯಾಗುವ ಹೂ ಬಲಿಯುತ್ತದೆ, ಒಣಗಿಸಲು ಒಂದು ವಾರ, ತೂಕ ಏರಲು ಹತ್ತು ದಿನ. ಎಣಿಕೆ ಸರಿಯಾಗಿತ್ತು.

ಐದನೆಯ ದಿನ ನೆಲಮಾಳಿಗೆಗೆ ಇಳಿಯುತ್ತಲೇ ಮೂಗಿಗೆ ಚುರುಕಾದ ವಾಸನೆ ಹೊಡೆಯಿತು. ಅಮೋನಿಯಾ. ಏಳು ವಾರ ಚಳಿಯಲ್ಲಿ ಮಲಗಿದ್ದ ಮಣ್ಣು ದೀಪದ ಕಾವಿಗೆ ಒಮ್ಮೆಲೇ ಎದ್ದಿತ್ತು. ಮೂರು ತಿಂಗಳು ತುತ್ತು ತುತ್ತಾಗಿ ಬಡಿಸಬೇಕಾದದ್ದನ್ನು ಎಳೆಯ ಬೇರಿನ ಬಾಯಿಗೆ ಒಂದೇ ವಾರದಲ್ಲಿ ತುರುಕುತ್ತಿತ್ತು. ಎಲೆಯ ತುದಿಗಳು ಕಂದಿ, ಉಗುರಿನಂತೆ ಒಳಕ್ಕೆ ಬಾಗಿದವು. ನೀರು ಹಾಯಿಸಿ ತೊಳೆದರು. ಹತ್ತು ದಿನದಲ್ಲಿ ಆರೂ ಗಿಡ ಸತ್ತವು.

ಅವರು ಆಗ ಉಷ್ಣಮಾಪಕ ತೆಗೆದುಕೊಂಡು ಗ್ಯಾರೇಜಿಗೆ ಹೋದರು. ಮೂಲೆಯ ಡಬ್ಬದಲ್ಲಿ ಉಳಿದಿದ್ದ ಮಣ್ಣಿಗೆ ಚುಚ್ಚಿದರು. ಮೂವತ್ತಾರು ಡಿಗ್ರಿ ಫ್ಯಾರನ್‌ಹೀಟ್. ನೀರು ಹೆಪ್ಪುಗಟ್ಟಲು ನಾಲ್ಕೇ ಡಿಗ್ರಿ ಬಾಕಿ. ಹಿಂಡಿಯ ಹಿಟ್ಟು ಕಲಸಿದ ದಿನದಂತೆಯೇ ಹಳದಿಯಾಗಿ ಕಾಣುತ್ತಿತ್ತು.

ಅಲೀಮನಿಗೆ, “ಗಿಡ ಬಾಳಲಿಲ್ಲಪಾ,” ಎಂದಷ್ಟೇ ಹೇಳಿದರು.

“ಅಲ್ಲಾಹನ ಮರ್ಜಿ ಅಣ್ಣಾ,” ಎಂದ ಅಲೀಮ್. “ಮತ್ತ ಹಚ್ಚೋಣು.”

ದೇವರ ಮೇಲೆ ಹೋದ ಆ ಅಪರಾಧವನ್ನು ಗುರುಸಿದ್ದರು ಅಲ್ಲಿಯೇ ಬಿಟ್ಟುಬಂದರು. ಅಂದಿನಿಂದ ಪೂಜೆಗೆ ಕುಳಿತರೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ನೀಲಮ್ಮನಿಗೆ ಎಲ್ಲ ತಿಳಿಯಿತು. ಅವಳು ಅಳುತ್ತಲೇ ದೇವರ ಮಂಟಪವನ್ನು ಹೊತ್ತು ಮೇಲಿನ ಕೋಣೆಗೆ ಸಾಗಿಸಿದಳು. ಉಳಿದ ಮಣ್ಣು ನೆಲಮಾಳಿಗೆಗೆ ಇಳಿಯಿತು. ಈ ಸಲ ಗುರುಸಿದ್ದರು ದಿನಕ್ಕೆರಡು ಬಾರಿ ಅದರ ಬಿಸಿ ನೋಡಿದರು. ನಾಲ್ಕೇ ವಾರದಲ್ಲಿ ಹಿಂಡಿ ಕಾಣೆಯಾಗಿ, ಮಣ್ಣು ಕಪ್ಪಾಗಿ, ಹೊಸ ಮಳೆಯ ಕಂಪು ಬಂತು. ಫೆಬ್ರವರಿಯ ನಡುವೆ ನೆಟ್ಟ ಆರು ಹೊಸ ಗಿಡಗಳು ಒಂದೂ ಬಾಡದೆ ಏರಿದವು. ಆದರೆ ಅವುಗಳ ಹೂ ಬಲಿಯಬೇಕಾದದ್ದು ಮೇ ತಿಂಗಳಿಗೆ.

ಮಾರ್ಚ್ ಕೊನೆಯಲ್ಲಿ ಆನ್ ಆರ್ಬರಿನಲ್ಲಿ ಚಾಂದ್ ಬೀಯನ್ನು ತೂಗಿದರು. ವೈದ್ಯರು ಔಷಧಿ ನಿಲ್ಲಿಸಿದರು.

ಮರುದಿನ ಅಲೀಮ್ ಔಷಧಿ ಅಂಗಡಿಗೆ ಹೋಗಿದ್ದಾಗ ಗುರುಸಿದ್ದರು ಆಕೆಯ ಹಾಸಿಗೆಯ ಬಳಿ ಕುಳಿತು ಎಲ್ಲವನ್ನೂ ಹೇಳಿದರು. ಗ್ಯಾರೇಜು, ಮಂಡಲ, ಉಷ್ಣಮಾಪಕ, ವ್ಯರ್ಥವಾದ ಏಳು ವಾರ. ಆಕೆ ದಿಂಬಿನ ಮೇಲೆ ತಲೆಯನ್ನು ಅವರತ್ತ ಹೊರಳಿಸಿದಳು.

“ಅಂದ್ರ ನೀವು ನಲವತ್ತೆಂಟು ದಿನ ಉಪಾಸ ಇದ್ದದ್ದು ಖರೆ?”

“ಖರೆ ಐತವಾ.”

“ನೀವೂ ಉಣಲಿಲ್ಲ, ನಾನೂ ಉಣಲಿಲ್ಲ.” ಆಕೆ ನಗಲು ನೋಡಿದಳು, ಕೆಮ್ಮು ಬಂತು. ನೀರು ಕುಡಿಸಿದ ಮೇಲೆ ಮೆಲ್ಲಗೆ ಹೇಳಿದಳು: “ಅವ್ರಿಗೆ ಈಗ ಹೇಳಬ್ಯಾಡ್ರಿ. ನಿಮ್ಮನ್ನ ಬೈದು ಬಾಗಲಾ ಹಾಕ್ಕೊಂಡು ಕುಂದರ್ತಾರ. ನನಗ ಅವ್ರ ಬಾಜೂಕ ಒಬ್ಬರು ಬೇಕು.”

“ಮತ್ತ ಯಾವಾಗ ಹೇಳ್ಲಿ?”

“ನಾ ಹೋದ ಮ್ಯಾಲೆ. ಆದ್ರ ಹೇಳ್ರಿ ಅಣ್ಣಾರ. ಇದನ್ನ ಹೊಟ್ಟಿಯಾಗ ಇಟಗೊಂಡು ಅವ್ರ ಜೋಡಿ ಇರಬ್ಯಾಡ್ರಿ. ಅವ್ರು ಭಾಳ ನಂಬ್ತಾರ.”

ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ. ಗುರುಸಿದ್ದರಿಗೂ ಕೇಳುವ ಧೈರ್ಯವಾಗಲಿಲ್ಲ.

ಏಪ್ರಿಲ್ ಹದಿನಾಲ್ಕರ ಬೆಳಗ್ಗೆ ಚಾಂದ್ ಬೀ ತೀರಿಕೊಂಡಳು. ನೆಲಮಾಳಿಗೆಯ ಗಿಡಗಳಲ್ಲಿ ಹೂಗಳು ಬಿಳಿಯ ಎಳೆ ಬಿಟ್ಟಿದ್ದವು. ಇನ್ನೂ ಮೂರು ವಾರ ಬೇಕಿತ್ತು. ರೋಗಿಯೇ ಇಲ್ಲದ ಮೇಲೆ ಗಿಡ ಇಟ್ಟುಕೊಳ್ಳುವ ಹಕ್ಕೂ ಇಲ್ಲ. ಮಣ್ಣು ಮಾಡಿ ಬಂದ ಸಂಜೆ ಗುರುಸಿದ್ದರು ಆರೂ ಗಿಡಗಳನ್ನು ಬುಡಸಹಿತ ಕಿತ್ತು, ಕತ್ತರಿಸಿ, ನಾಶ ಮಾಡಿದರು. ಬೇರುಗಳು ಬೆಳ್ಳಗೆ, ದಟ್ಟವಾಗಿ ಕುಂಡದ ಆಕಾರದಲ್ಲಿಯೇ ಹೊರಬಂದವು. ಅಷ್ಟು ಒಳ್ಳೆಯ ಬೇರುಗಳನ್ನು ಅವರು ಕಂಡಿರಲಿಲ್ಲ.

ಬಂಧುಗಳೆಲ್ಲ ಷಿಕಾಗೋಗೆ ಮರಳಿದ ಮೇಲೆ, ಐದನೆಯ ದಿನ ಮಧ್ಯಾಹ್ನ ಗುರುಸಿದ್ದರು ಅಲೀಮನ ಮನೆಗೆ ಹೋದರು. ಕೂತರು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಅಲೀಮ್ ನೆಲ ನೋಡುತ್ತಿದ್ದ. “ಗ್ಯಾರೇಜಿನ್ಯಾಗ ಎಷ್ಟ ಡಿಗ್ರಿ ಇತ್ತು?”

“ಆ ಏಳು ವಾರ ನಾ ನೋಡಲಿಲ್ಲಪಾ.”

“ನೀವು ನೋಡಲಿಲ್ಲ.”

“ನೋಡಲಿಲ್ಲ.”

“ಆಕಿಗೆ ಗೊತ್ತಿತ್ತೇನು?”

“ಆಕಿಗೆ ಹೇಳಿದ್ದೆ. ನಿನಗ ಆಮ್ಯಾಲೆ ಹೇಳು ಅಂದ್ಲು.”

ಅಲೀಮ್ ತಲೆಯೆತ್ತಿದ. “ಹೇಳದಿದ್ರ ಚಲೋ ಇತ್ತು ಅಣ್ಣಾ. ಅಲ್ಲಾಹ ಕರಕೊಂಡ ಅಂತ ಮಲಗತಿದ್ದೆ. ಇನ್ನ ಹ್ಯಾಂಗ ಮಲಗಲಿ?”

ಅಲೀಮ್ ಎದ್ದು ಒಳಗಿನ ಕೋಣೆಗೆ ಹೋದ. ನಮಾಜಿನ ಹೊತ್ತಾಗಿತ್ತು. ಹೋಗಬೇಕೋ ಇರಬೇಕೋ ತಿಳಿಯದೆ ಗುರುಸಿದ್ದರು ಚಪ್ಪಲಿಯ ಕಡೆ ನೋಡಿದರು, ಏಳಲಿಲ್ಲ. ಒಳಗೆ ಅವನು ನೆಲಕ್ಕೆ ಹಣೆ ಹಚ್ಚಿದವನು ಬಹಳ ಹೊತ್ತು ಮೇಲೇಳಲಿಲ್ಲವೆಂದು ಸದ್ದಿಲ್ಲದ್ದರಿಂದಲೇ ಗೊತ್ತಾಗುತ್ತಿತ್ತು.

ಕೊನೆಗೆ ಬಾಗಿಲಲ್ಲಿ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

“ಇನ್ನೂ ಕುಂತೀರೇನು?”

“ಕುಂತೀನಿ.”

ಅಲೀಮ್ ಪಕ್ಕದ ಕುರ್ಚಿಗೆ ಬರಲಿಲ್ಲ. ಕಿಟಕಿಯ ಬಳಿಯ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕುಳಿತ. ಬಿಸಿಲು ಇಳಿಯುವವರೆಗೂ ಹೋಗಿರೆಂದು ಹೇಳಲೂ ಇಲ್ಲ.